ಕರೆಂಟು ಹೋದಾಗ ಬೋರಿನೊಳಗೆ ಬೀಳುವ ಏಟು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಬೋರು ಇಟ್ಟುಕೊಂಡವರಿಗೆ ಆ ಸದ್ದು ಚೆನ್ನಾಗಿ ಗೊತ್ತು. ತ್ರೀ ಫೇಸ್ ಹೋಗುತ್ತದೆ, ಮೋಟರು ನಿಲ್ಲುತ್ತದೆ, ಮರುಕ್ಷಣವೇ ಕೇಸಿಂಗ್ ಬಾಯಿಯಿಂದ ‘ಧಡ್’ ಎಂದು ಕೇಳಿ ಡೆಲಿವರಿ ಪೈಪು ಅದುರುತ್ತದೆ. ಒಮ್ಮೊಮ್ಮೆ ಎರಡು ಮೂರು ಸಲ ಬಡಿದು ಸುಮ್ಮನಾಗುತ್ತದೆ. ಹೀಗೇ ತಿಂಗಳುಗಳು ಕಳೆದು ಒಂದು ದಿನ ಮೋಟರು ಓಡುತ್ತಿದ್ದರೂ ಮೇಲೆ ನೀರು ಬರುವುದಿಲ್ಲ. ಗಾಡಿ ಕರೆಸಿ ಎತ್ತಿಸಿದರೆ ಕಪ್ಲಿಂಗ್ ಹತ್ತಿರ ಪೈಪು ಸೀಳಿರುತ್ತದೆ, ಇಲ್ಲವೇ ಥ್ರೆಡ್ ಕಿತ್ತುಕೊಂಡು ಪಂಪು ತಳ ಸೇರಿರುತ್ತದೆ. ಪೈಪಿನ ಕಂಪನಿಯನ್ನು ಬೈಯುತ್ತೇವೆ, ಮೆಕ್ಯಾನಿಕ್‌ನನ್ನು ಬೈಯುತ್ತೇವೆ, ಸಾವಿರ ಅಡಿ ಆಳವನ್ನು ಬೈಯುತ್ತೇವೆ.

ಆಳ ತರುವ ಭಾರ ಪೈಪು ತಡೆದುಕೊಳ್ಳಬೇಕಾದ ಭಾರವೇ. ಅದನ್ನು ಲೆಕ್ಕ ಹಾಕಿಯೇ ಪೈಪು ತಯಾರಿಸಿರುತ್ತಾರೆ. ಬಹಳ ಸಲ ಪೈಪನ್ನು ಕೊಲ್ಲುವುದು, ಓಡುತ್ತಿದ್ದ ನೀರು ನಿಂತ ರೀತಿ. ಆ ಏಟು ಎಷ್ಟು ಬೀಳುತ್ತದೆ ಎಂಬುದನ್ನು ಪೈಪು ಕೊಳ್ಳುವ ಮೊದಲೇ ಕಾಗದದ ಮೇಲೆ ಕಂಡುಕೊಳ್ಳಬಹುದು. ಬಂದೂಕಿನ ಗುಂಡು ನೀರಿಗೆ ಬಡಿದಾಗ ಏಳುವ ಆಘಾತದ ಅಲೆಯನ್ನು ವಿಜ್ಞಾನಿಗಳು ಲೆಕ್ಕ ಹಾಕುವುದೂ ಇದೇ ಬಗೆಯ ಲೆಕ್ಕದಿಂದ. ಇಲ್ಲಿ ಗುಂಡಿನ ಜಾಗದಲ್ಲಿ ಇರುವುದು ನೀರಿನ ಕಂಬವೇ.

ಕೋಲಾರದ ಎಪಿಎಂಸಿ ಗೇಟಿನ ಮುಂದೆ ಟೊಮೇಟೊ ಗಾಡಿಗಳ ಸಾಲು ಸಾಗುತ್ತಿರುವಾಗ ಮೊದಲ ಗಾಡಿ ಥಟ್ಟನೆ ನಿಂತರೆ ಏನಾಗುತ್ತದೆ? ಕೊನೆಯ ಗಾಡಿಗೆ ಆ ಸುದ್ದಿ ಕೂಡಲೇ ತಲುಪುವುದಿಲ್ಲ. ಒಂದರ ಹಿಂದೆ ಒಂದು ಬ್ರೇಕ್ ಹಾಕುತ್ತಾ ‘ನಿಲ್ಲುವಿಕೆ’ಯೇ ಹಿಂದಕ್ಕೆ ಓಡುತ್ತದೆ. ವಾಲ್ವ್ ಮುಚ್ಚಿದಾಗ ಪೈಪಿನೊಳಗಿನ ನೀರೂ ಹೀಗೇ ಪದರ ಪದರವಾಗಿ ನಿಲ್ಲುತ್ತದೆ. ಈ ನಿಲ್ಲುವಿಕೆ ಓಡುವ ವೇಗವೇ ಅಲೆಯ ವೇಗ. ತೆರೆದ ನೀರಿನಲ್ಲಿ ಅದು ಶಬ್ದದ ವೇಗ, ಅಂದರೆ ಸೆಕೆಂಡಿಗೆ ಸುಮಾರು 1480 ಮೀಟರ್. ಪೈಪಿನೊಳಗೆ ಒತ್ತಡ ಏರಿದಾಗ ಗೋಡೆ ತುಸು ಹಿಗ್ಗುವುದರಿಂದ ವೇಗ ಕಡಿಮೆಯಾಗುತ್ತದೆ. ಜಿಐ ಪೈಪಿನಲ್ಲಿ ಸುಮಾರು 1300 ಮೀಟರ್, ಬೋರಿಗೆ ಇಳಿಸುವ ದಪ್ಪ ಗೋಡೆಯ ಯುಪಿವಿಸಿ ಕಾಲಂ ಪೈಪಿನಲ್ಲಿ 450ರಿಂದ 500, ತೋಟದಲ್ಲಿ ಹೂಳುವ ತೆಳು ಪಿವಿಸಿಯಲ್ಲಿ 300ರ ಆಸುಪಾಸು.

ಈಗ ಲೆಕ್ಕ. ಜಿಐ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನೀರು ಓಡುತ್ತಿದೆ, ಥಟ್ಟನೆ ನಿಲ್ಲುತ್ತದೆ ಎನ್ನಿ. ಒಂದು ಸೆಕೆಂಡಿನಲ್ಲಿ ನಿಲ್ಲುವಿಕೆ 1300 ಮೀಟರ್ ಹಿಂದಕ್ಕೆ ಹೋಗಿರುತ್ತದೆ. ಪೈಪಿನ ಬಾಯಿಯಲ್ಲಿ 1 ಚದರ ಸೆಂಟಿಮೀಟರ್ ಜಾಗವನ್ನಷ್ಟೇ ನೋಡಿದರೆ, ಅದರ ಹಿಂದೆ ನಿಂತ 1300 ಮೀಟರ್ ಉದ್ದದ ನೀರಿನ ಎಳೆಯ ತೂಕ 130 ಕೆ.ಜಿ. ಸೆಕೆಂಡಿಗೆ 1 ಮೀಟರ್‌ನಂತೆ ಓಡುತ್ತಿದ್ದ 130 ಕೆ.ಜಿ.ಯನ್ನು ಒಂದು ಸೆಕೆಂಡಿನಲ್ಲಿ ನಿಲ್ಲಿಸಲು ಬೇಕಾದ ಬಲ ಸುಮಾರು 13 ಕೆ.ಜಿ. ತೂಕದಷ್ಟು. ಅಂದರೆ ಚದರ ಸೆಂಟಿಮೀಟರಿಗೆ 13 ಕೆ.ಜಿ. ಒತ್ತಡ, ಅಂಗಡಿಯವರು ‘6 ಕೆ.ಜಿ. ಪೈಪು, 10 ಕೆ.ಜಿ. ಪೈಪು’ ಎನ್ನುತ್ತಾರಲ್ಲ, ಅದೇ ಅಳತೆ. 130 ಮೀಟರ್ ಎತ್ತರದ ನೀರು ಹೇರುವ ಭಾರ ಒಂದೇ ಕ್ಷಣದಲ್ಲಿ ಹೆಚ್ಚುವರಿಯಾಗಿ ಬಂದು ಕುಳಿತಂತಾಯಿತು. ಸೂತ್ರವಾಗಿ ಹೇಳುವುದಾದರೆ: ಏಟು = ಸಾಂದ್ರತೆ × ಅಲೆಯ ವೇಗ × ನೀರು ಕಳೆದುಕೊಂಡ ವೇಗ. 1897–98ರಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ಮಾಡಿ ನಿಕೊಲಾಯ್ ಜೂಕೋವ್‌ಸ್ಕಿ ಇದನ್ನು ಗಟ್ಟಿಮಾಡಿದರು. ಎಂಜಿನಿಯರುಗಳು ಇಂದಿಗೂ ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ.

ಈ ಸೂತ್ರದಲ್ಲಿ ಆಳದ ಮಾತೇ ಇಲ್ಲ. ಪೈಪು ಎಷ್ಟು ಉದ್ದ ಎಂಬುದೂ ಇಲ್ಲ. ಇರುವುದು ವೇಗ ಮಾತ್ರ. 300 ಅಡಿಯ ಬೋರಿನಲ್ಲೂ 1200 ಅಡಿಯ ಬೋರಿನಲ್ಲೂ ಅದೇ ಪೈಪು, ಅದೇ ವೇಗ ಇದ್ದರೆ ಏಟು ಅಷ್ಟೇ.

ಗುಂಡಿನ ವಿಷಯ ಸ್ವಲ್ಪ ಬೇರೆ. ಸೆಕೆಂಡಿಗೆ 800 ಮೀಟರ್ ವೇಗದ ಚಪ್ಪಟೆ ಮೂತಿಯ ಉಕ್ಕಿನ ಗುಂಡು ನೀರಿಗೆ ಬಡಿದರೆ, ಎದುರಿನ ನೀರು ಸೆಕೆಂಡಿಗೆ 740 ಮೀಟರ್‌ನಷ್ಟು ವೇಗದಲ್ಲಿ ತಳ್ಳಲ್ಪಡುತ್ತದೆ. ಅಷ್ಟು ಅದುಮಿದಾಗ ನೀರೇ ಬಿಗಿಯಾಗಿ, ಅಲೆ ಮೊದಲಿಗಿಂತ ಜೋರಾಗಿ ಓಡುತ್ತದೆ: 1480ಕ್ಕೆ ನೀರಿನ ವೇಗದ ಸುಮಾರು ಎರಡರಷ್ಟನ್ನು ಕೂಡಬೇಕು. ಹಾಗೆ ಕೂಡಿದರೆ ಅಲೆ ಸೆಕೆಂಡಿಗೆ 2900 ಮೀಟರ್ ಹತ್ತಿರ ಓಡುತ್ತದೆ, ಒತ್ತಡ 20 ಸಾವಿರ ವಾಯುಭಾರವನ್ನು ದಾಟುತ್ತದೆ. ಕೂಡದೆ ಬಿಟ್ಟರೆ ಉತ್ತರ ಅರ್ಧಕ್ಕರ್ಧ ತಪ್ಪು. ಈ ಒತ್ತಡ ಬದುಕುವುದು ಒಂದೆರಡು ಮೈಕ್ರೋಸೆಕೆಂಡು. ಅಂಚುಗಳಿಂದ ನೀರು ಪಕ್ಕಕ್ಕೆ ಸರಿದ ಕೂಡಲೇ 3 ಸಾವಿರ ವಾಯುಭಾರದ ಮಟ್ಟಕ್ಕೆ ಕುಸಿಯುತ್ತದೆ. ರಾಂಕಿನ್ ಮತ್ತು ಹ್ಯೂಗೊನಿಯೊ 19ನೆಯ ಶತಮಾನದಲ್ಲಿ ಕಟ್ಟಿಕೊಟ್ಟ ಗಣಿತ ಇದು. ನಮ್ಮ ಬೋರಿನಲ್ಲಿ ನೀರು ಓಡುವುದು ಸೆಕೆಂಡಿಗೆ ಒಂದೆರಡು ಮೀಟರ್; 1480ಕ್ಕೆ 2 ಕೂಡಿದರೂ ಬಿಟ್ಟರೂ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಜೂಕೋವ್‌ಸ್ಕಿಯ ಸರಳ ರೂಪವೇ ನಮಗೆ ಸಾಕು.

ಇನ್ನೊಂದು ನಿಯಮವೂ ಕೈಯಲ್ಲಿರಲಿ. ಒಂದೇ ಜಾತಿಯ ಎರಡು ವಸ್ತುಗಳಲ್ಲಿ ಓಡುತ್ತಿರುವುದು ನಿಂತಿರುವುದಕ್ಕೆ ಬಡಿದರೆ ವೇಗ ಸಮಪಾಲಾಗುತ್ತದೆ, ಏಟು ಸೂತ್ರದ ಅರ್ಧ. ಬೋರು ಕೊರೆಯುವ ರಿಗ್ಗಿನ ಹ್ಯಾಮರ್ ಒಳಗೆ ಆಗುವುದು ಇದೇ. ಗಾಳಿಯ ಒತ್ತಡದಿಂದ ಓಡುವ ಉಕ್ಕಿನ ಪಿಸ್ಟನ್ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಉಕ್ಕಿನ ಬಿಟ್ಟಿಗೆ ಬಡಿಯುತ್ತದೆ. ಉಕ್ಕಿನ ಸಾಂದ್ರತೆ, ಅದರೊಳಗಿನ ಅಲೆಯ ವೇಗ ಹಾಕಿ ಗುಣಿಸಿ ಅರ್ಧ ಮಾಡಿದರೆ ಚದರ ಸೆಂಟಿಮೀಟರಿಗೆ 2 ಸಾವಿರ ಕೆ.ಜಿ. ಬರುತ್ತದೆ. ಆ ಅಲೆ ಬಿಟ್ಟಿನ ತುದಿಗೆ ಇಳಿದು ನಮ್ಮ ಕಡೆಯ ನೈಸ್ ಬಂಡೆಯನ್ನು ಪುಡಿ ಮಾಡುತ್ತದೆ. ಈ ಅರ್ಧದ ನಿಯಮ ಮುಂದೆ ಬೇಕಾಗುತ್ತದೆ.

ಸಾವಿರ ಅಡಿ, ಅಂದರೆ 300 ಮೀಟರ್‌ಗೆ ಪಂಪು ಇಳಿಸಿದ ಬೋರನ್ನು ತೆಗೆದುಕೊಳ್ಳಿ. ಜಿಐ ಪೈಪು, ಒಳವ್ಯಾಸ 50 ಮಿಲಿಮೀಟರ್, ಸೆಕೆಂಡಿಗೆ 2 ಲೀಟರ್ ನೀರು. ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ 1 ಮೀಟರ್. ಪಂಪಿನ ತಲೆಯ ಮೇಲೆ 30 ಕೆ.ಜಿ. ಒತ್ತಡ, ಪೈಪಿನಲ್ಲಿ ನಿಂತಿರುವ ನೀರು ಸುಮಾರು 600 ಲೀಟರ್.

ಕರೆಂಟು ಹೋಯಿತು. ಸಬ್‌ಮರ್ಸಿಬಲ್ ಮೋಟರಿನ ತಿರುಗುವ ಭಾಗ ಹಗುರ, ದೊಡ್ಡ ಫ್ಲೈವೀಲ್ ಏನೂ ಇಲ್ಲ. ಅದು ಬೇಗ ನಿಂತುಬಿಡುತ್ತದೆ. ಆದರೆ ಮೇಲಿನ 600 ಕೆ.ಜಿ. ನೀರು ತನ್ನ ಓಟದಲ್ಲೇ ಇನ್ನೂ ಮೇಲಕ್ಕೆ ಹೋಗುತ್ತಿರುತ್ತದೆ. ಕೆಳಗಿನಿಂದ ತಳ್ಳುವವರಿಲ್ಲ. ಆದ್ದರಿಂದ ಮೊದಲು ಬರುವುದು ಒತ್ತಡದ ಏರಿಕೆಯಲ್ಲ, ಇಳಿಕೆ: ಪಂಪಿನ ತಲೆಯಲ್ಲಿ 30 ಇದ್ದದ್ದು 17ಕ್ಕೆ ಇಳಿಯುತ್ತದೆ, ಆ 13 ಕೆ.ಜಿ. ಇಳಿಕೆಯ ಅಲೆ ಮೇಲಕ್ಕೆ ಓಡುತ್ತದೆ. ನೆಲಕ್ಕೆ ಹತ್ತಿರವಾದಂತೆ ಪೈಪಿನ ಒತ್ತಡವೇ ಕಡಿಮೆ. ಮೇಲಿನ 130 ಮೀಟರ್, ಅಂದರೆ 420 ಅಡಿಯಷ್ಟು ಭಾಗದಲ್ಲಿ ಕಳೆಯಲು 13 ಕೆ.ಜಿ. ಇಲ್ಲವೇ ಇಲ್ಲ. ಅಲ್ಲಿ ಒತ್ತಡ ಶೂನ್ಯಕ್ಕಿಂತ ಕೆಳಗೆ ಹೋಗಿ ನೀರು ಹರಿದುಕೊಳ್ಳುತ್ತದೆ, ನಡುವೆ ನೀರಾವಿಯ ಪೊಳ್ಳು ಹುಟ್ಟುತ್ತದೆ. ಮೇಲಕ್ಕೆ ಹೋದ ತುಂಡು ದಣಿದು ವಾಪಸ್ ಬಿದ್ದಾಗ ಆ ಪೊಳ್ಳು ಮುಚ್ಚಿ, ನೀರಿಗೆ ನೀರು ಅಪ್ಪಳಿಸುತ್ತದೆ. ಮೇಲೆ ನಿಂತವರಿಗೆ ಕೇಳುವ ‘ಧಡ್’ ಸದ್ದಿಗೆ ಇದೊಂದು ಮೂಲ. ಯುಪಿವಿಸಿ ಕಾಲಂ ಪೈಪಾಗಿದ್ದರೆ ಇಳಿಕೆ 5 ಕೆ.ಜಿ. ಒಳಗೇ, ಪೊಳ್ಳು ಹುಟ್ಟುವ ಅಪಾಯ ಮೇಲಿನ 50 ಮೀಟರಿಗೆ ಸೀಮಿತ. ಹಿಗ್ಗುವ ಪೈಪು ಏಟನ್ನು ತಾನೇ ನುಂಗುತ್ತದೆ ಎಂಬುದು ಇದರ ಅರ್ಥ.

ಎರಡನೆಯ ಮೂಲ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್. ಮೇಲೆ ಹೋಗುವ ನೀರು ನಿಂತು ಕೆಳಗಿಳಿಯತೊಡಗುವ ಆ ಗಳಿಗೆಯಲ್ಲೇ ವಾಲ್ವ್ ಮುಚ್ಚಿದರೆ ಹೊಸ ಏಟಿಲ್ಲ. ಕಸ ಸಿಕ್ಕಿಕೊಂಡೋ, ತಟ್ಟೆ ಸವೆದೋ 0.1 ಸೆಕೆಂಡು ತಡವಾದರೆ, ಕೆಳಗೆ ತಡೆಯೇ ಇಲ್ಲದ ನೀರಿನ ಕಂಬ ಅಷ್ಟರಲ್ಲೇ ಕೆಳಮುಖವಾಗಿ ಸೆಕೆಂಡಿಗೆ 1 ಮೀಟರ್ ವೇಗ ಗಳಿಸಿಬಿಡಬಹುದು. ಆಗ ವಾಲ್ವ್ ಬಡಿದುಕೊಂಡರೆ 30ರ ಮೇಲೆ ಇನ್ನೊಂದು 13. ದಿನಕ್ಕೆ ನಾಲ್ಕಾರು ಸಲ ಹೀಗೆ 43 ಕೆ.ಜಿ. ಬಿದ್ದರೆ ಕಪ್ಲಿಂಗಿನ ಥ್ರೆಡ್ಡು ಎಷ್ಟು ದಿನ ತಡೆದೀತು? ಸ್ಪ್ರಿಂಗ್ ಇರುವ ಎನ್‌ಆರ್‌ವಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಈ 0.1 ಸೆಕೆಂಡನ್ನು ಉಳಿಸಲು. ಎತ್ತುವಾಗ ಭಾರ ಕಡಿಮೆಯಾಗಲಿ ಎಂದು ವಾಲ್ವಿನ ತಟ್ಟೆಗೆ ತೂತು ಕೊರೆಸುವವರೂ ಇದ್ದಾರೆ. 600 ಕೆ.ಜಿ. ನೀರಿನೊಂದಿಗೆ ಪೈಪು ಎತ್ತುವುದು ಕಷ್ಟವೇ ನಿಜ. ಆದರೆ ಅದಕ್ಕೆ ತೆರುವ ಬೆಲೆ ದೊಡ್ಡದು: ಕರೆಂಟು ಹೋದಾಗಲೆಲ್ಲ ನೀರು ಕೆಳಗಿಳಿಯುತ್ತಾ ಪಂಪನ್ನು ಹಿಮ್ಮುಖವಾಗಿ ತಿರುಗಿಸುತ್ತದೆ, ಅಷ್ಟರಲ್ಲಿ ಕರೆಂಟು ಬಂದು ಆಟೋ ಸ್ಟಾರ್ಟರ್ ಮೋಟರನ್ನು ಮುಂದಕ್ಕೆ ಎಳೆದರೆ ಶಾಫ್ಟ್ ತಿರುಚಿಕೊಳ್ಳುತ್ತದೆ. ಆಟೋ ಸ್ಟಾರ್ಟರ್ ಇಟ್ಟವರು ಎರಡು ಮೂರು ನಿಮಿಷ ತಡಮಾಡಿ ಚಾಲೂ ಆಗುವಂತೆ ಟೈಮರ್ ಇಡಿಸಲೇಬೇಕು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಕಾಣುವುದಿಲ್ಲ. ಆಳದ ಬೋರಿನಲ್ಲಿ ಪಂಪಿನ ಮೇಲೊಂದು, ನಡುವೆ ಅಲ್ಲಲ್ಲಿ ಇನ್ನಷ್ಟು ಎನ್‌ಆರ್‌ವಿ ಹಾಕುವುದುಂಟು. ಕೆಳಗಿನದು ಸೋರುತ್ತದೆ, ಮೇಲಿನದು ಗಟ್ಟಿಯಾಗಿದೆ ಎನ್ನಿ. ಮೋಟರು ನಿಂತ ಮೇಲೆ ಕೆಳಗಿನ ನೀರು ಮೆಲ್ಲಗೆ ಜಾರಿ, ಮೇಲಿನ ವಾಲ್ವಿನ ಅಡಿಯಲ್ಲಿ ಖಾಲಿ ಜಾಗ ಉಳಿಯುತ್ತದೆ. ಅದರಲ್ಲಿ ಗಾಳಿಯೂ ಇಲ್ಲ, ಹೆಚ್ಚುಕಡಿಮೆ ನಿರ್ವಾತ. ಮರುದಿನ ಮೋಟರು ಹಾಕಿದಾಗ ಎದುರಿಗೆ ತಡೆಯೇ ಇಲ್ಲದ ನೀರು ಮಾಮೂಲಿಗಿಂತ ಜೋರಾಗಿ ನುಗ್ಗಿ, ಮುಚ್ಚಿದ ವಾಲ್ವಿಗೂ ಅದರ ಮೇಲೆ ನಿಂತ ನೀರಿಗೂ ಬಡಿಯುತ್ತದೆ. ಇದು ಅಕ್ಷರಶಃ ಗುಂಡು ನೀರಿಗೆ ಬಡಿಯುವ ಪ್ರಸಂಗ. ವೇಗ ಸೆಕೆಂಡಿಗೆ 2 ಮೀಟರ್ ಇದ್ದರೆ ಅರ್ಧದ ನಿಯಮದಂತೆ 13 ಕೆ.ಜಿ.; ವಾಲ್ವ್ ಸಿಕ್ಕಿಕೊಂಡು ತೆರೆಯದೆ ಹೋದರೆ ಪೂರ್ತಿ 26. ಹೀಗಾಗಿ ಸ್ಟಾರ್ಟ್ ಮಾಡುವಾಗ ‘ಧಡ್’ ಕೇಳಿಸಿದರೆ ಕೆಳಗಿನ ಎನ್‌ಆರ್‌ವಿಯನ್ನು ಅನುಮಾನಿಸಿ, ನಿಲ್ಲಿಸುವಾಗ ಕೇಳಿಸಿದರೆ ವಾಲ್ವ್ ತಡವಾಗಿ ಮುಚ್ಚುತ್ತಿದೆಯೇ, ನೀರಿನ ವೇಗ ಹೆಚ್ಚಿದೆಯೇ ನೋಡಿ. ಸದ್ದು ಯಾವಾಗ ಬಂತು ಎಂಬುದನ್ನು ಮೆಕ್ಯಾನಿಕ್‌ಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿಯವರೆಗೆ ಶುದ್ಧ ನೀರಿನ ಮಾತಾಯಿತು. ಕೋಲಾರದ ಬೋರುಗಳಲ್ಲಿ ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಪಂಪು ಗಾಳಿ ಎಳೆಯುತ್ತದೆ, ಪೈಪಿನ ಬಾಯಲ್ಲಿ ನೀರು ಉಗುಳುತ್ತಾ ಬರುತ್ತದೆ. ಆಗ ಅಲೆಯ ವೇಗ ಏನಾಗುತ್ತದೆ? ಬ್ರಿಟಿಷ್ ಭೌತವಿಜ್ಞಾನಿ ಎ. ಬಿ. ವುಡ್ 1930ರಲ್ಲಿ ಪ್ರಕಟಿಸಿದ ಧ್ವನಿಶಾಸ್ತ್ರದ ಪಠ್ಯದಲ್ಲಿ ಇದರ ಸೂತ್ರವಿದೆ, ಅದರ ಉತ್ತರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ನೆಲಮಟ್ಟದ ಒತ್ತಡದಲ್ಲಿ ನೀರಿನ ಗಾತ್ರದ ಸಾವಿರದಲ್ಲೊಂದು ಪಾಲು ಗಾಳಿಯ ಗುಳ್ಳೆಗಳಿದ್ದರೆ ಅಲೆಯ ವೇಗ 1480ರಿಂದ 360ಕ್ಕೆ ಇಳಿಯುತ್ತದೆ. ನೂರರಲ್ಲೊಂದು ಪಾಲಿದ್ದರೆ 120. ಅರ್ಧ ನೀರು ಅರ್ಧ ಗಾಳಿ ಎಂದಾದರೆ ಸೆಕೆಂಡಿಗೆ 24 ಮೀಟರ್! ನೀರಿನಲ್ಲಿ 1480, ಗಾಳಿಯಲ್ಲಿ 340, ಎರಡೂ ಬೆರೆತಾಗ ಎರಡಕ್ಕಿಂತಲೂ ಕಡಿಮೆ. ಕಾರಣ ಇಷ್ಟು: ಭಾರ ಕೊಡುವುದು ನೀರು, ಅದುಮಿಸಿಕೊಳ್ಳುವುದು ಗಾಳಿ. ಭಾರವಾದ ಮತ್ತು ಮೆತ್ತನೆಯ ವಸ್ತುವಿನಲ್ಲಿ ಅಲೆ ತೆವಳುತ್ತದೆ.

ಹಾಗಾದರೆ ಗಾಳಿ ಬೆರೆತರೆ ಒಳ್ಳೆಯದೇ ಎನ್ನಿಸಬಹುದು. ಎಲ್ಲ ಕಡೆ ಅಲ್ಲ. 300 ಮೀಟರ್ ಆಳದಲ್ಲಿ 30 ಪಟ್ಟು ಒತ್ತಡ ಇರುವುದರಿಂದ ಅದೇ ಗಾಳಿ 30ರಲ್ಲೊಂದು ಪಾಲಿಗೆ ಕುಗ್ಗಿ, ಸಾಲದ್ದಕ್ಕೆ 30 ಪಟ್ಟು ಬಿಗಿಯಾಗುತ್ತದೆ. ಮೇಲೆ ನೂರಕ್ಕೊಂದು ಪಾಲಿದ್ದ ಗುಳ್ಳೆ ಅಲ್ಲಿ ಅಲೆಯ ವೇಗವನ್ನು ಹತ್ತರಲ್ಲೊಂದು ಪಾಲೂ ತಗ್ಗಿಸದು. ಪಂಪು, ಎನ್‌ಆರ್‌ವಿ ಇರುವ ಜಾಗಕ್ಕೆ ಗುಳ್ಳೆಗಳ ರಕ್ಷಣೆ ಇಲ್ಲ. ಮೇಲೆ, ತೋಟದ ಪೈಪಿನಲ್ಲಿ, ಗಾಳಿ ಸಣ್ಣ ಗುಳ್ಳೆಯಾಗಿರದೆ ಒಂದೇ ಕಡೆ ದೊಡ್ಡ ಗಡ್ಡೆಯಾಗಿ ಕುಳಿತರೆ ಅದು ಬೇರೆಯೇ ಅಪಾಯ: ಗಾಳಿ ಹೊರಟುಹೋದ ಕ್ಷಣ ಹಿಂದಿನ ನೀರು ನುಗ್ಗಿ ಬಂದು ಬಡಿಯುತ್ತದೆ. ಏರುಜಾಗದಲ್ಲಿ ಏರ್ ವಾಲ್ವ್ ಇಡುವುದು, ಖಾಲಿ ಲೈನನ್ನು ಗೇಟ್ ವಾಲ್ವ್ ಸ್ವಲ್ಪವೇ ತೆರೆದು ನಿಧಾನವಾಗಿ ತುಂಬಿಸುವುದು ಅದಕ್ಕೇ.

ಮಣ್ಣು, ಮರಳು ಬೆರೆತ ನೀರಿನ ಗುಣ ಇದಕ್ಕೆ ತದ್ವಿರುದ್ಧ. ಗಾತ್ರದಲ್ಲಿ ಹತ್ತನೆಯ ಒಂದು ಪಾಲು ಮರಳಿದ್ದರೆ ಅಲೆಯ ವೇಗ 1480ರಿಂದ 1440ಕ್ಕೆ ಅಷ್ಟೇ ಇಳಿಯುತ್ತದೆ, ಆದರೆ ಮಿಶ್ರಣದ ತೂಕ ಏರುವುದರಿಂದ ಏಟು ನೂರಕ್ಕೆ 13ರಷ್ಟು ಹೆಚ್ಚು.

ಈ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಲು ದೊಡ್ಡ ಸಾಫ್ಟ್‌ವೇರ್ ಬೇಕೆಂದಿಲ್ಲ. ಎಕ್ಸೆಲ್ ಗೊತ್ತಿರುವ ಡಿಪ್ಲೊಮಾ ವಿದ್ಯಾರ್ಥಿ ಒಂದು ಭಾನುವಾರದಲ್ಲಿ ಮಾಡಬಲ್ಲ ಮಾದರಿ ಇದು. 300 ಮೀಟರ್ ಪೈಪನ್ನು 30 ಮೀಟರಿನ ಹತ್ತು ತುಂಡು ಮಾಡಿ. ತುಂಡುಗಳು ಸೇರುವ ಪ್ರತಿ ಗಂಟಿಗೂ ಒಂದು ಒತ್ತಡ, ಒಂದು ವೇಗ. ಒಂದು ಹೆಜ್ಜೆಯ ಸಮಯ ಎಂದರೆ ಅಲೆ ಒಂದು ತುಂಡನ್ನು ದಾಟುವ ಸಮಯ. ಜಿಐಯಲ್ಲಿ 30 ಭಾಗಿಸು 1300, ಅಂದರೆ 0.023 ಸೆಕೆಂಡು. ಯಾವುದೇ ಗಂಟಿನ ಹೊಸ ಒತ್ತಡ = ಹಿಂದಿನ ಹೆಜ್ಜೆಯಲ್ಲಿ ಕೆಳಗಿನ ಮತ್ತು ಮೇಲಿನ ಗಂಟುಗಳಿಗಿದ್ದ ಒತ್ತಡಗಳ ಸರಾಸರಿ, ಅದಕ್ಕೆ ಆ ಎರಡು ವೇಗಗಳ ವ್ಯತ್ಯಾಸವನ್ನು ಸಾಂದ್ರತೆ ಮತ್ತು ಅಲೆಯ ವೇಗದಿಂದ ಗುಣಿಸಿದ್ದರ ಅರ್ಧ ಕೂಡಿಸಿ. ಹೊಸ ವೇಗವೂ ಹೀಗೇ: ವೇಗಗಳ ಸರಾಸರಿಗೆ, ಒತ್ತಡಗಳ ವ್ಯತ್ಯಾಸವನ್ನು ಅದೇ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದ್ದನ್ನು ಕೂಡಿಸಿ. ಎರಡು ಸಲವೂ ಕೆಳಗಿನದರಿಂದ ಮೇಲಿನದನ್ನು ಕಳೆಯಬೇಕು. ಎತ್ತರದ ಭಾರವನ್ನು ಒತ್ತಡದಲ್ಲೇ ಸೇರಿಸಿಕೊಂಡು ಬರೆದರೆ ಲಂಬ ಪೈಪಿಗೂ ಇದೇ ಸಾಲು ಸಾಕು. ಘರ್ಷಣೆಯನ್ನು ಆಮೇಲೆ ಕಳೆದುಕೊಳ್ಳಬಹುದು. ಕೆಳತುದಿಯಲ್ಲಿ ಎನ್‌ಆರ್‌ವಿ ಮುಚ್ಚಿದ್ದರೆ ವೇಗ ಶೂನ್ಯ, ಮೇಲ್ತುದಿ ಹೊಂಡಕ್ಕೆ ತೆರೆದಿದ್ದರೆ ಒತ್ತಡ ಶೂನ್ಯ.

ಒತ್ತಡ ಎಲ್ಲಿಯವರೆಗೆ ಇಳಿಯಬಹುದು ಎಂಬ ಮಿತಿ ಮಾತ್ರ ನಮ್ಮೂರಿನದೇ ಆಗಿರಬೇಕು. ಪುಸ್ತಕಗಳು ವಾಯುಭಾರ 10.3 ಮೀಟರ್ ನೀರು ಎನ್ನುತ್ತವೆ, ಅದು ಸಮುದ್ರಮಟ್ಟಕ್ಕೆ. ಕೋಲಾರ ಇರುವುದು 800 ಮೀಟರ್‌ಗೂ ಮೇಲೆ. ಇಲ್ಲಿ ಅದು 9.4ರ ಆಸುಪಾಸು. ನೀರಾವಿಯ ಪಾಲು ಕಳೆದರೆ 9 ಮೀಟರ್ ಚಿಲ್ಲರೆ. ಯಾವುದೇ ಗಂಟಿನಲ್ಲಿ ಒತ್ತಡ ಶೂನ್ಯಕ್ಕಿಂತ ಅಷ್ಟು ಕೆಳಗಿಳಿದರೆ ಅಲ್ಲಿ ಪೊಳ್ಳು ಹುಟ್ಟಿತು ಎಂದು ಗುರುತು ಹಾಕಿ, ಒತ್ತಡವನ್ನು ಆ ಮಿತಿಯಲ್ಲೇ ನಿಲ್ಲಿಸಿ, ಪೊಳ್ಳಿನ ಗಾತ್ರವನ್ನು ಲೆಕ್ಕ ಇಡಿ. ಪೊಳ್ಳು ಹುಟ್ಟುವ ಮೊದಲಿನ ಉತ್ತರಗಳನ್ನು ನಂಬಬಹುದು. ಅದು ಮುಚ್ಚುವಾಗಿನ ಏಟಿನ ಸಂಖ್ಯೆಯನ್ನು ಅಂದಾಜು ಎಂದೇ ಹಿಡಿಯಬೇಕು. ದುಬಾರಿ ಸಾಫ್ಟ್‌ವೇರುಗಳಿಗೂ ಈ ಜಾಗ ತೊಡಕಿನದೇ.

ತೋಟದ ಲೈನಿಗೆ ಬಂದರೆ ಸಮಯವೇ ಮುಖ್ಯ. 600 ಮೀಟರ್ ಉದ್ದದ ತೆಳು ಪಿವಿಸಿಯಲ್ಲಿ ಅಲೆ ಹೋಗಿ ಬರಲು 4 ಸೆಕೆಂಡು. ಅದಕ್ಕಿಂತ ಬೇಗ ಬಾಲ್ ವಾಲ್ವ್ ತಿರುಗಿಸಿದರೆ ಅದು ಥಟ್ಟನೆ ಮುಚ್ಚಿದಂತೆಯೇ. ನೀರಿನ ವೇಗ 1.5 ಮೀಟರ್ ಇದ್ದರೆ ನಾಲ್ಕೂವರೆ ಕೆ.ಜಿ. ಏಟು, ಲೈನಿನಲ್ಲಿ ಮೊದಲೇ 3 ಕೆ.ಜಿ. ಇದ್ದರೆ ಒಟ್ಟು ಏಳೂವರೆ. 6 ಕೆ.ಜಿ. ಪೈಪು ಅಂಟು ಹಾಕಿದ ಜಾಗದಲ್ಲಿ ಬಿಡುತ್ತದೆ. ಟೊಮೇಟೊ ಡ್ರಿಪ್ಪಿನಲ್ಲಿ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಬದಲಿಸುವಾಗ ಮೊದಲು ಹೊಸದನ್ನು ತೆರೆದು, ಆಮೇಲೆ ಹಳೆಯದನ್ನು ಹತ್ತು ಎಣಿಸುತ್ತಾ ಮುಚ್ಚಿ. ಖರ್ಚಿಲ್ಲದ ರಕ್ಷಣೆ ಇದು.

ಇದೇ ಲೆಕ್ಕದ ದೊಡ್ಡ ರೂಪ ನಮ್ಮ ಜಿಲ್ಲೆಗೆ 2018ರ ಜೂನ್‌ನಲ್ಲಿ ಬಂತು. ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಪಂಪ್ ಮಾಡಿ ಲಕ್ಷ್ಮೀಸಾಗರ ಕೆರೆಗೆ ಹರಿಸಿದರು. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್, ಅಂದರೆ ಸೆಕೆಂಡಿಗೆ 5 ಸಾವಿರ ಲೀಟರ್. ಅಂಥ ದೊಡ್ಡ ಉಕ್ಕಿನ ಕೊಳವೆಯಲ್ಲಿ ಅಲೆಯ ವೇಗ 1000 ಮೀಟರ್ ಸುತ್ತಮುತ್ತ. 10 ಕಿಲೋಮೀಟರ್ ಹೋಗಿ ಬರಲು 20 ಸೆಕೆಂಡು. ಆ 20 ಸೆಕೆಂಡು ಪಂಪ್‌ಹೌಸಿಗೆ ಎದುರು ತುದಿಯಿಂದ ಯಾವ ಸುದ್ದಿಯೂ ಬಾರದು. ಆದ್ದರಿಂದ ಇಂಥ ಮಾರ್ಗಗಳಲ್ಲಿ ಗಾಳಿ ತುಂಬಿದ ಸರ್ಜ್ ವೆಸೆಲ್, ಏರ್ ವಾಲ್ವ್, ನೀರು ಹಿಂದಿರುಗುವ ಮೊದಲೇ ಮುಚ್ಚುವ ಝೀರೋ ವೆಲಾಸಿಟಿ ವಾಲ್ವ್‌ಗಳನ್ನು ಮೊದಲೇ ಲೆಕ್ಕ ಹಾಕಿ ಕೂರಿಸುತ್ತಾರೆ.

ಆ ನೀರಿನ ಗುಣಮಟ್ಟದ ಚರ್ಚೆ ಬೇರೆ, ಅದು ನಡೆಯಬೇಕಾದದ್ದೇ. ಕೆರೆ ತುಂಬಿದ ಕಡೆ ಆಸುಪಾಸಿನ ಬೋರುಗಳಲ್ಲಿ ನೀರು ಮೇಲೇರಿರುವುದಂತೂ ಕಣ್ಣಿಗೆ ಕಾಣುತ್ತದೆ. ಹಾಗೆ ಮೇಲೇರಿದ ಕಡೆ ಯಾರೂ ಗಮನಿಸದ ಒಂದು ಬದಲಾವಣೆ ಆಗಿದೆ. ಸಾವಿರ ಅಡಿಯಿಂದ ಎತ್ತಲೆಂದು ಹೆಚ್ಚು ಸ್ಟೇಜು ಹಾಕಿಸಿದ ಪಂಪು ಈಗ ಐನೂರು ಅಡಿಯಿಂದ ಎತ್ತುತ್ತಿದೆ. ಭಾರ ಕಡಿಮೆಯಾದ್ದರಿಂದ ಅದು ಹೆಚ್ಚು ನೀರು ತಳ್ಳುತ್ತದೆ, ಪೈಪಿನಲ್ಲಿ ವೇಗ ಏರುತ್ತದೆ, ಏಟೂ ಅಷ್ಟೇ ಏರುತ್ತದೆ. ನೀರು ಜಾಸ್ತಿ ಬಂತೆಂದು ಸಂತೋಷಪಡುವಾಗಲೇ ಒಂದು 200 ಲೀಟರಿನ ಡ್ರಮ್ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 50 ಮಿಲಿಮೀಟರ್ ಪೈಪಿನಲ್ಲಿ ಸೆಕೆಂಡಿಗೆ ಎಷ್ಟು ಲೀಟರೋ ಅದರ ಅರ್ಧವೇ ಮೀಟರ್ ಲೆಕ್ಕದಲ್ಲಿ ನೀರಿನ ವೇಗ: 100 ಸೆಕೆಂಡಿಗೆ ತುಂಬಿದರೆ 1 ಮೀಟರ್, 60 ಸೆಕೆಂಡಿಗೆ ತುಂಬಿದರೆ 1.7. ಒಂದೂವರೆ ದಾಟಿದ್ದರೆ ಗೇಟ್ ವಾಲ್ವನ್ನು ಮೆಲ್ಲಗೆ ಮುಚ್ಚುತ್ತಾ ಬಂದು, ಪ್ಯಾನಲ್ ಬೋರ್ಡಿನ ಆಂಪಿಯರ್ ಮುಳ್ಳು ಮೋಟರಿನ ತಗಡಿನ ಮೇಲೆ ಬರೆದ ಸಂಖ್ಯೆಯೊಳಗೆ ಇದೆಯೇ ನೋಡಿಕೊಂಡು ಅಲ್ಲಿಗೆ ನಿಲ್ಲಿಸಿ. ಮುಂದಿನ ಸಲ ಮೋಟರು ಎತ್ತಿಸಿದಾಗ ಸ್ಟೇಜು ಕಡಿಮೆ ಇರುವ ಪಂಪು ಸಾಕೇ ಎಂದು ಮೆಕ್ಯಾನಿಕ್ ಹತ್ತಿರ ಕೇಳಿ.